ಐಸ್‌ಕ್ರೀಂ ಕೇಕಿನೊಳಗಿನ ಕರಿಪುಡಿಯ ಕಥೆ

ಮಳೆಗಾಲದಲ್ಲಿ ಚಕ್ಕುಲಿ ಡಬ್ಬದ ಮುಚ್ಚಳ ಸರಿಯಾಗಿ ಹಾಕದೆ ಅಮ್ಮನ ಹತ್ತಿರ ಬೈಸಿಕೊಂಡವರು ಕೈ ಎತ್ತಿ :-) ಗರಿಗರಿ ತಿಂಡಿಗೂ ನೀರಿಗೂ ಎಣ್ಣೆ-ಸೀಗೆಕಾಯಿ ಸಂಬಂಧ ಅನ್ನೋದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಚುರುಮುರಿ ಕಲಸಿಸಿಕೊಂಡು ಹತ್ತು ನಿಮಿಷ ಹರಟೆ ಹೊಡೆಯುತ್ತಾ ನಿಂತರೆ ಸಾಕು, ಪೊಟ್ಟಣದಲ್ಲಿ ಉಳಿಯೋದು ಮೆತ್ತನೆಯ ಮುದ್ದೆ. ಹೀಗಿರುವಾಗ, ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುವ ಐಸ್‌ಕ್ರೀಮಿನ ನಟ್ಟನಡುವೆ ವಾರಗಟ್ಟಲೆ ಕೂತಿದ್ದು, ಬಾಯಿಗಿಟ್ಟರೆ ಇನ್ನೂ 'ಕುರುಂ' ಅನ್ನುವ ಬಿಸ್ಕತ್ತಿನ ಪುಡಿಯೊಂದಿದೆ ಅಂದರೆ ನಂಬುತ್ತೀರಾ?

ನ್ಯೂಯಾರ್ಕ್, ನ್ಯೂಜೆರ್ಸಿ ಕಡೆ ಒಂದೆರಡು ವರ್ಷ ಇದ್ದು ಬಂದವರು ಈ ಪುಡಿಯನ್ನು ತಿಂದೇ ಇರುತ್ತೀರಿ. ಆಫೀಸಿನಲ್ಲಿ ಯಾರದ್ದಾದರೂ ಹುಟ್ಟುಹಬ್ಬ ಅಂದರೆ ಅಲ್ಲಿ ಕಾರ್ವೆಲ್ ಅನ್ನೋ ಕಂಪನಿಯ ಐಸ್‌ಕ್ರೀಂ ಕೇಕ್ ಬರುತ್ತೆ. ಹೆಸರಿಗೆ ಮಾತ್ರ ಕೇಕ್. ಕೆಳಗೊಂದು ಪದರ ಚಾಕೊಲೇಟ್ ಐಸ್‌ಕ್ರೀಂ, ಮೇಲೊಂದು ಪದರ ವೆನಿಲ್ಲಾ ಐಸ್‌ಕ್ರೀಂ, ಎರಡರ ನಡುವೆ ಇದ್ದಿಲಿನಷ್ಟು ಕಪ್ಪಾದ ಪುಡಿಯ ಒಂದು ತೆಳು ಪದರ. ಆ ಪುಡಿಗೆ ಅವರಿಟ್ಟ ಹೆಸರು 'ಕ್ರಂಚೀಸ್'. ಐಸ್‌ಕ್ರೀಮನ್ನು ತಟ್ಟೆಯಲ್ಲೇ ಬಿಟ್ಟು, ಚಮಚದಲ್ಲಿ ಆ ಪುಡಿಯನ್ನಷ್ಟೇ ಕೆರೆದು ತಿನ್ನುವ ಗಂಭೀರ ಮುಖದ ಮ್ಯಾನೇಜರುಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಮ್ಮ ಕಸುಬಿನ ಚಟ ಗೊತ್ತಲ್ಲ, ಏನಾದರೂ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಬಿಚ್ಚಿ ನೋಡಲೇಬೇಕು. ಈ ಪುಡಿಯನ್ನು ಬಿಚ್ಚಿದರೆ ಒಳಗೆ ಮೂರು ಭಾಗ: ಕಪ್ಪು ಕೋಕೋ, ಬಿಸ್ಕತ್ತು, ಅದರ ಮೇಲೊಂದು ಚಾಕೊಲೇಟ್ ಲೇಪನ. ಮೂರಕ್ಕೂ ಬೇರೆ ಬೇರೆ ಚರಿತ್ರೆ. ಮೂರೂ ಕೂಡಿದ ಮೇಲೆ ಇನ್ನೊಂದು ಚರಿತ್ರೆ. ಆ ಕೊನೆಯದರಲ್ಲಿ ಕೋರ್ಟು-ಕಚೇರಿಯೂ ಇದೆ, ಒಂದಷ್ಟು ಅಂಗಡಿಯವರ ಹೊಟ್ಟೆಪಾಡೂ ಇದೆ. ಒಂದೊಂದಾಗಿ ನೋಡೋಣ.

ಮೊದಲು ಬಣ್ಣ. ಕೋಕೋ ಬೀಜದಲ್ಲಿ ಹೆಚ್ಚುಕಮ್ಮಿ ಅರ್ಧ ಭಾಗ ಕೊಬ್ಬು. ಹಾಗೇ ಅರೆದರೆ ಪುಡಿ ಬರೋಲ್ಲ, ಜಿಡ್ಡು ಜಿಡ್ಡಾದ ಗಟ್ಟಿ ಲೇಹ್ಯ ಬರುತ್ತೆ. 1828ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಕ್ಯಾಸ್ಪರಸ್ ವ್ಯಾನ್ ಹೌಟನ್ ಎಂಬಾತ ಈ ಕೊಬ್ಬನ್ನು ಹಿಂಡಿ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಉಳಿದ ಹಿಂಡಿಯನ್ನು ಪುಡಿ ಮಾಡಿದರೆ ಕೋಕೋ ಪೌಡರ್. ಅವನ ಮಗ ಕೋನ್ರಾಡ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಕೋಕೋವನ್ನು ಕ್ಷಾರದ ಉಪ್ಪಿನಿಂದ ಸಂಸ್ಕರಿಸಿದ. ಕೋಕೋ ಸ್ವಭಾವದಲ್ಲಿ ಹುಳಿ. ಕ್ಷಾರ ಬಿದ್ದರೆ ಹುಳಿ ಇಳಿದು, ರುಚಿ ಮೆದುವಾಗಿ, ಬಣ್ಣ ಗಾಢವಾಗುತ್ತೆ. 'ಡಚ್ ಕೋಕೋ' ಅನ್ನೋದು ಇದನ್ನೇ. ಈ ಸಂಸ್ಕಾರವನ್ನು ಇನ್ನೂ ಜೋರಾಗಿ ಮಾಡಿದರೆ ಕೋಕೋ ಕಂದು ಬಣ್ಣ ಬಿಟ್ಟು ಕಪ್ಪಿಗೇ ತಿರುಗುತ್ತೆ. ಓರಿಯೋ ಥರದ ಬಿಸ್ಕತ್ತುಗಳ ಕಪ್ಪು ಬಂದಿರೋದು ಸುಟ್ಟಿದ್ದರಿಂದಲ್ಲ, ಈ ಕ್ಷಾರದಿಂದ.

ಇನ್ನು ಬಿಸ್ಕತ್ತು. ಇಲ್ಲೊಂದು ದಾಯಾದಿ ಕಲಹವೇ ಇದೆ. 1898ರಲ್ಲಿ ಅಮೆರಿಕದ ಹಲವು ಬೇಕರಿ ಕಂಪನಿಗಳು ಸೇರಿ ನ್ಯಾಷನಲ್ ಬಿಸ್ಕೆಟ್ ಕಂಪನಿ, ಅಂದರೆ ಮುಂದಿನ ನಬಿಸ್ಕೋ, ಹುಟ್ಟಿತು. ಹಾಗೆ ಸೇರಿದ ಕಂಪನಿಗಳಲ್ಲೊಂದರ ಹಿಂದಿದ್ದ ಜೇಕಬ್ ಮತ್ತು ಜೋಸೆಫ್ ಲೂಸ್ ಎಂಬ ಅಣ್ಣತಮ್ಮಂದಿರು 1902ರಲ್ಲಿ ಜಾನ್ ವೈಲ್ಸ್ ಎಂಬುವರ ಜೊತೆ ಕೂಡಿ ಕ್ಯಾನ್ಸಸ್ ಸಿಟಿಯಲ್ಲಿ ಲೂಸ್-ವೈಲ್ಸ್ ಎಂಬ ಬೇರೆಯದೇ ಕಂಪನಿ ಕಟ್ಟಿದರು. ಇವರು 1908ರಲ್ಲಿ ಎರಡು ಕಪ್ಪು ಬಿಸ್ಕತ್ತಿನ ನಡುವೆ ಬಿಳಿ ಕ್ರೀಂ ಇಟ್ಟು 'ಹೈಡ್ರಾಕ್ಸ್' ಅಂತ ಮಾರಿದರು. ಹೈಡ್ರೋಜನ್, ಆಕ್ಸಿಜನ್ ಸೇರಿದರೆ ನೀರು, ನೀರಿನಷ್ಟು ಶುದ್ಧ ಅನ್ನೋ ಅರ್ಥದ ಹೆಸರು. ನಮ್ಮ ಕೆಮಿಸ್ಟ್ರಿ ಲ್ಯಾಬಿನ ಶೀಶೆ ನೆನಪಾದರೆ ಅದು ನಿಮ್ಮ ತಪ್ಪಲ್ಲ :-) ನಾಲ್ಕು ವರ್ಷದ ನಂತರ, 1912ರಲ್ಲಿ, ನಬಿಸ್ಕೋದವರು ನ್ಯೂಯಾರ್ಕಿನ ಚೆಲ್ಸಿ ಬಡಾವಣೆಯ ಕಾರ್ಖಾನೆಯಲ್ಲಿ ಅದೇ ಮಾದರಿಯ ಬಿಸ್ಕತ್ತು ಮಾಡಿ 'ಓರಿಯೋ' ಅಂದರು. ಮುಂದೆ ಏನಾಯಿತು ಅಂತ ಹೇಳಬೇಕಿಲ್ಲ. ಮೊದಲು ಬಂದ ಹೈಡ್ರಾಕ್ಸನ್ನೇ ಜನ ನಕಲು ಅಂದುಕೊಂಡರು. 1999ರಲ್ಲಿ ಅದರ ಹೆಸರು ಬದಲಿಸಿದರು, 2003ರಲ್ಲಿ ನಿಲ್ಲಿಸಿದರು, 2015ರಲ್ಲಿ ಲೀಫ್ ಬ್ರ್ಯಾಂಡ್ಸ್ ಎಂಬ ಕಂಪನಿ ಮತ್ತೆ ಹೊರತಂದಿತು. ಮೊದಲು ಮಾಡಿದವನಿಗೇ ಮಾರುಕಟ್ಟೆ ಸಿಗುತ್ತೆ ಅನ್ನೋ ಗ್ಯಾರಂಟಿ ಸಾಫ್ಟ್‌ವೇರಿನಲ್ಲೂ ಇಲ್ಲ, ಬಿಸ್ಕತ್ತಿನಲ್ಲೂ ಇಲ್ಲ.

ನಬಿಸ್ಕೋದವರು 1924ರಲ್ಲಿ ಇನ್ನೊಂದು ತಂದರು: ಕ್ರೀಮಿಲ್ಲದ, ತೆಳ್ಳನೆಯ, ಬರೀ ಕಪ್ಪು ಬಿಸ್ಕತ್ತು, 'ಫೇಮಸ್ ಚಾಕೊಲೇಟ್ ವೇಫರ್ಸ್'. ಇದನ್ನು ಹಾಗೇ ತಿಂದವರಿಗಿಂತ ಬೇರೆ ಸಿಹಿಗೆ ಬಳಸಿದವರೇ ಹೆಚ್ಚಿರಬೇಕು. ಪುಡಿ ಮಾಡಿ ಬೆಣ್ಣೆ ಕಲಸಿ ತಟ್ಟೆಗೆ ಒತ್ತಿದರೆ ಪೈ, ಚೀಸ್‌ಕೇಕುಗಳಿಗೆ ತಳ ಸಿದ್ಧ. ಇನ್ನು, ಬಿಸ್ಕತ್ತುಗಳ ಮಧ್ಯೆ ಕಡೆದ ಕ್ರೀಂ ಹಚ್ಚಿ ಒಂದರ ಪಕ್ಕ ಒಂದು ಜೋಡಿಸಿ ರಾತ್ರಿಯಿಡೀ ತಣ್ಣಗೆ ಇಟ್ಟರೆ ಅದು 'ಐಸ್‌ಬಾಕ್ಸ್ ಕೇಕ್'. ಇದರಲ್ಲಿ ಒಲೆಯ ಕೆಲಸವೇ ಇಲ್ಲ. ಬಿಸ್ಕತ್ತು ಕ್ರೀಮಿನ ನೀರನ್ನು ಹೀರಿ ಬೆಳಗಾಗುವಷ್ಟರಲ್ಲಿ ಕೇಕಿನಷ್ಟು ಮೆತ್ತಗಾಗಿರುತ್ತೆ. ಗಮನಿಸಿ, ಇಲ್ಲಿ ಮೆತ್ತಗಾಗೋದೇ ಗುರಿ. ಅಂದರೆ ನೀರು ಬಿಸ್ಕತ್ತಿಗೆ ಏನು ಮಾಡುತ್ತೆ ಅನ್ನೋದು ಅಮೆರಿಕದ ಗೃಹಿಣಿಯರಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ತಡೆಯೋದು ಹೇಗೆ ಅನ್ನೋದು ಬೇರೆ ಕಡೆಯಿಂದ ಬರಬೇಕಿತ್ತು.

ಅದು ಬಂದಿದ್ದು ಅಯೋವಾ ರಾಜ್ಯದ ಒನಾವಾ ಎಂಬ ಪುಟ್ಟ ಊರಿನಿಂದ. ಕ್ರಿಶ್ಚಿಯನ್ ಕೆಂಟ್ ನೆಲ್ಸನ್ ಡೆನ್ಮಾರ್ಕಿನಿಂದ ವಲಸೆ ಬಂದ ಕುಟುಂಬದವ. ಶಾಲೆಯಲ್ಲಿ ಮೇಷ್ಟ್ರು, ಜೊತೆಗೊಂದು ಮಿಠಾಯಿ-ಐಸ್‌ಕ್ರೀಂ ಅಂಗಡಿ. 1920ರಲ್ಲಿ ಅಂಗಡಿಗೆ ಬಂದ ಹುಡುಗನೊಬ್ಬ ಚಾಕೊಲೇಟ್ ಕೊಳ್ಳಲೋ ಐಸ್‌ಕ್ರೀಂ ಕೊಳ್ಳಲೋ ಅಂತ ಒದ್ದಾಡಿದನಂತೆ, ಎರಡಕ್ಕೂ ಕಾಸಿರಲಿಲ್ಲ. ಎರಡನ್ನೂ ಸೇರಿಸಿದರೆ ಹೇಗೆ ಅಂತ ಮೇಷ್ಟ್ರು ಪ್ರಯೋಗಕ್ಕೆ ಕೂತರು. ಬಿಸಿ ಚಾಕೊಲೇಟ್ ಐಸ್‌ಕ್ರೀಮಿಗೆ ಅಂಟುತ್ತಲೇ ಇರಲಿಲ್ಲ, ಜಾರಿ ಬೀಳುತ್ತಿತ್ತು. ಕೊನೆಗೆ ಕೈ ಹಿಡಿದಿದ್ದು ಕೋಕೋ ಬೆಣ್ಣೆ. ಚಾಕೊಲೇಟಿನಲ್ಲಿ ಕೊಬ್ಬಿನ ಪ್ರಮಾಣ ಹೆಚ್ಚಿಸಿ ಸರಿಯಾದ ಉಷ್ಣತೆಯಲ್ಲಿ ಅದ್ದಿ ತೆಗೆದರೆ, ಐಸ್‌ಕ್ರೀಮಿನ ಮೇಲೆ ತೆಳ್ಳಗೆ ಕೂತು ಗಟ್ಟಿಯಾಗುತ್ತೆ! ಮಿಠಾಯಿ ವ್ಯಾಪಾರದ ರಸೆಲ್ ಸ್ಟೋವರ್ ಜೊತೆ ಸೇರಿ ಅವರು ಇದನ್ನು 'ಎಸ್ಕಿಮೋ ಪೈ' ಹೆಸರಿನಲ್ಲಿ ಮಾರಿದರು.

1922ರ ಜನವರಿಯಲ್ಲಿ ನೆಲ್ಸನ್‌ಗೆ ಪೇಟೆಂಟೂ ಸಿಕ್ಕಿತು. ಬಹಳ ವಿಶಾಲವಾದ ಪೇಟೆಂಟು, ಚಾಕೊಲೇಟ್ ಹೊದಿಸಿದ ಐಸ್‌ಕ್ರೀಮೆಲ್ಲಾ ನನ್ನದೇ ಅನ್ನುವಂಥದ್ದು. ಸಹಜವಾಗೇ ಎಲ್ಲರೂ ನಕಲು ಮಾಡಿದರು, ಕೇಸುಗಳು ಬಿದ್ದವು, 1929ರಲ್ಲಿ ಕೋರ್ಟು ಆ ಪೇಟೆಂಟನ್ನು ಅನೂರ್ಜಿತ ಅಂದುಬಿಟ್ಟಿತು. ತಿನ್ನುವ ಪದಾರ್ಥದ ಮೇಲೆ ಚಾಕೊಲೇಟ್ ಹೊದಿಸುವ ವಿದ್ಯೆ ಹೊಸದೇನಲ್ಲವಲ್ಲ. ಮೂಲನಿವಾಸಿಗಳನ್ನು ಹೀಯಾಳಿಸುವ ಪದ ಅಂತ ಆ ಹೆಸರನ್ನೂ ಕೈಬಿಡುವುದಾಗಿ 2020ರಲ್ಲಿ ಕಂಪನಿ ಘೋಷಿಸಿತು. ಪೇಟೆಂಟೂ ಹೋಯಿತು, ಹೆಸರೂ ಹೋಯಿತು. ಆದರೆ ಕೊಬ್ಬಿನ ಹೊದಿಕೆ ಅನ್ನುವ ಐಡಿಯಾ ಮಾತ್ರ ಊರಿಗೆಲ್ಲಾ ಓಪನ್ ಸೋರ್ಸ್ ಆಗಿ ಉಳಿಯಿತು. ನಮ್ಮ ಕರಿಪುಡಿಗೆ ಬೇಕಾಗಿದ್ದು ಅದೇ.

ಈಗ ಕಥಾನಾಯಕರ ಪ್ರವೇಶ. ಅಥನಾಸಿಯೋಸ್ ಕರ್ವೆಲಾಸ್, 1906ರಲ್ಲಿ ಗ್ರೀಸ್ ದೇಶದಲ್ಲಿ ಹುಟ್ಟಿ ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಬಂದು ಟಾಮ್ ಕಾರ್ವೆಲ್ ಆದವರು. ಮುಂದೆ ಅವರ ಹೆಂಡತಿಯಾದ ಆ್ಯಗ್ನೆಸ್ ಹತ್ತಿರ 15 ಡಾಲರ್ ಸಾಲ ತೆಗೆದುಕೊಂಡು ಟ್ರಕ್ಕಿನಲ್ಲಿ ಐಸ್‌ಕ್ರೀಂ ಮಾರಲು ಹೊರಟರು. 1934ರ ಮೇ ಕೊನೆಯ ವಾರ, ಮೆಮೋರಿಯಲ್ ಡೇ ರಜೆ. ನ್ಯೂಯಾರ್ಕಿನ ಉತ್ತರಕ್ಕಿರುವ ಹಾರ್ಟ್ಸ್‌ಡೇಲ್‌ನಲ್ಲಿ ಟ್ರಕ್ಕಿನ ಟೈರು ಢಮಾರ್! ಐಸ್‌ಕ್ರೀಂ ಕರಗತೊಡಗಿತು. ಪಕ್ಕದಲ್ಲಿದ್ದ ಮಡಕೆ-ಕುಡಿಕೆ ಅಂಗಡಿಯ ಜಾಗದಲ್ಲಿ ಟ್ರಕ್ ನಿಲ್ಲಿಸಿ, ರಜೆಗೆ ಕಾರು ಹತ್ತಿ ಹೊರಟಿದ್ದ ಜನಕ್ಕೆ ಅರೆ ಕರಗಿದ ಐಸ್‌ಕ್ರೀಮನ್ನೇ ಮಾರಿದರು. ಎರಡು ದಿನದಲ್ಲಿ ಎಲ್ಲಾ ಖಾಲಿ. ಜನ ಆ ಮೆತ್ತನೆಯ ಐಸ್‌ಕ್ರೀಮನ್ನು ಇಷ್ಟಪಟ್ಟು ತಿಂದರು! ಕಾರ್ವೆಲ್ ಎರಡು ಪಾಠ ಕಲಿತರು: ಒಂದು, ಅರೆಗಟ್ಟಿ ಐಸ್‌ಕ್ರೀಮಿಗೆ ಗಿರಾಕಿ ಇದ್ದಾರೆ. ಎರಡು, ಊರೂರು ಅಲೆಯೋದಕ್ಕಿಂತ ಒಳ್ಳೆ ಜಾಗದಲ್ಲಿ ನಿಲ್ಲೋದು ಮೇಲು. 1936ರ ಹೊತ್ತಿಗೆ ಅದೇ ಮಡಕೆ ಅಂಗಡಿಯ ಜಾಗದಲ್ಲಿ ಅವರ ಖಾಯಂ ಅಂಗಡಿ ಎದ್ದಿತ್ತು.

ಮುಂದೆ ಅವರು ಮೆತ್ತನೆ ಐಸ್‌ಕ್ರೀಂ ತಯಾರಿಸುವ ಯಂತ್ರಗಳನ್ನು ತಾವೇ ವಿನ್ಯಾಸ ಮಾಡಿ ಬೇರೆಯವರಿಗೆ ಮಾರಿದರು. ಕೊಂಡವರಲ್ಲಿ ಎಷ್ಟೋ ಜನ ಸರಿಯಾಗಿ ದುಡ್ಡು ಕೊಡಲಿಲ್ಲ, ಅಂಗಡಿ ಚೊಕ್ಕಟವಾಗಿ ನಡೆಸಲಿಲ್ಲ. ಬರೀ ಯಂತ್ರ ಮಾರಿದರೆ ಪ್ರಯೋಜನವಿಲ್ಲ, ಹೆಸರು, ವಿಧಾನ, ಸಾಮಾನು ಎಲ್ಲವನ್ನೂ ಒಟ್ಟಿಗೆ ಕೊಟ್ಟು ಹಿಡಿತ ಇಟ್ಟುಕೊಳ್ಳಬೇಕು ಅನ್ನೋ ತೀರ್ಮಾನಕ್ಕೆ ಬಂದು 1940ರ ದಶಕದ ಕೊನೆಗೆ ಫ್ರಾಂಚೈಸಿ ಪದ್ಧತಿ ಶುರು ಮಾಡಿದರು. ರೇ ಕ್ರಾಕ್ ಮೆಕ್‌ಡೊನಾಲ್ಡ್ಸ್ ಕಡೆ ಕಣ್ಣು ಹಾಕಿದ್ದು 1954ರಲ್ಲಿ ಅನ್ನೋದನ್ನು ನೆನಪಿಟ್ಟರೆ, ಕಾರ್ವೆಲ್ ಎಷ್ಟು ಮುಂಚೆ ಅನ್ನೋದು ಗೊತ್ತಾಗುತ್ತೆ.

1951ರಲ್ಲಿ ಕಾರ್ವೆಲ್ ಅಂಗಡಿಗೆ 'ಫ್ಲೈಯಿಂಗ್ ಸಾಸರ್' ಬಂತು. ಎರಡು ದುಂಡನೆ ಕಪ್ಪು ಚಾಕೊಲೇಟ್ ಬಿಸ್ಕತ್ತು, ನಡುವೆ ಐಸ್‌ಕ್ರೀಂ. ಅಮೆರಿಕದ ಜನ ಆಗ ಆಕಾಶದಲ್ಲಿ ಹಾರುವ ತಟ್ಟೆ ಹುಡುಕುತ್ತಿದ್ದ ಕಾಲ, ಹೆಸರು ಹಾಗೇ ಬಂತು. ಇಲ್ಲಿ ಬಿಸ್ಕತ್ತು ಮೆತ್ತಗೇ ಇರಬೇಕು. ಗಟ್ಟಿ ಇದ್ದರೆ ಕಚ್ಚಿದ ಕೂಡಲೇ ಐಸ್‌ಕ್ರೀಂ ಆಚೆ ಕಡೆಯಿಂದ ಅಂಗಿಯ ಮೇಲೆ ಬೀಳುತ್ತೆ. ಇದೇ ಬಗೆಯ ಕಪ್ಪು ಬಿಸ್ಕತ್ತನ್ನು ಪುಡಿ ಮಾಡಿ, ಕೋನಿನ ಐಸ್‌ಕ್ರೀಮನ್ನು ಅದ್ದುವಂಥ ಚಾಕೊಲೇಟ್ ಲೇಪನದಲ್ಲಿ ಕಲಸಿದರೆ ಸಿಗುವುದೇ ಐಸ್‌ಕ್ರೀಂ ಕೇಕಿನ ನಡುವಿನ ಕ್ರಂಚೀಸ್. ಅದೇ ಬಿಸ್ಕತ್ತು, ಒಂದು ಕಡೆ ಮೆತ್ತಗೆ, ಇನ್ನೊಂದು ಕಡೆ ಗರಿಗರಿ. ವ್ಯತ್ಯಾಸ ಆ ತೆಳು ಕೊಬ್ಬಿನ ಹೊದಿಕೆಯದ್ದು ಅಷ್ಟೇ.

ಇದು ಹೇಗೆ ಕೆಲಸ ಮಾಡುತ್ತೆ ಅಂತ ಸ್ವಲ್ಪ ನೋಡಿಬಿಡೋಣ, ಬೇಸರ ಮಾಡ್ಕೋಬೇಡಿ. ಚೆನ್ನಾಗಿ ಬೆಂದ ಬಿಸ್ಕತ್ತಿನಲ್ಲಿ ನೀರು ನೂರಕ್ಕೆ ಐದು ಭಾಗಕ್ಕಿಂತ ಕಡಿಮೆ. ಆ ಸ್ಥಿತಿಯಲ್ಲಿ ಅದರ ಸಕ್ಕರೆ, ಪಿಷ್ಟ ಎಲ್ಲಾ ಗಾಜಿನ ಥರ ಬಿಗಿಯಾಗಿರುತ್ತೆ, ಒತ್ತಿದರೆ ಬಾಗೋಲ್ಲ, ಒಡೆಯುತ್ತೆ. ಗರಿಗರಿ ಶಬ್ದ ಅಂದರೆ ಆ ಗಾಜು ಒಡೆಯುವ ಶಬ್ದ. ಸ್ವಲ್ಪ ನೀರು ಒಳಗೆ ಹೋದರೂ ಗಾಜು ರಬ್ಬರಾಗುತ್ತೆ. ಐಸ್‌ಕ್ರೀಂ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿದ್ದರೂ ಅದರ ಎಲ್ಲಾ ನೀರೂ ಹೆಪ್ಪುಗಟ್ಟಿರೋಲ್ಲ, ಸಕ್ಕರೆ ಕರಗಿರುವ ಒಂದಷ್ಟು ಪಾಕ ದ್ರವವಾಗೇ ಉಳಿದಿರುತ್ತೆ. ಅದು ಮೆಲ್ಲಗೆ ಬಿಸ್ಕತ್ತಿನೊಳಗೆ ನುಸುಳುತ್ತೆ. ಪ್ರತಿ ಚೂರಿನ ಸುತ್ತ ಕೊಬ್ಬಿನ ಪದರ ಇದ್ದರೆ? ಕೊಬ್ಬಿನ ಮೂಲಕ ನೀರು ಸುಲಭಕ್ಕೆ ದಾಟೋಲ್ಲ. ಫೈರ್‌ವಾಲ್ ಅಂದುಕೊಳ್ಳಿ, ಪ್ರತಿ ಚೂರಿಗೂ ತನ್ನದೇ ಒಂದು ಫೈರ್‌ವಾಲ್.

ಕಾರ್ವೆಲ್ ಕೇಕುಗಳ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ಪ್ರೋಗ್ರಾಮರ್ ಆಗಿ ನನಗೆ ಸಮಾಧಾನವಿಲ್ಲ. 1970ರ ದಶಕದಲ್ಲಿ 'ಕುಕಿ ಪುಸ್' ಅನ್ನೋ ಬೇರೆ ಗ್ರಹದ ಪ್ರಾಣಿಯ ಕೇಕ್ ಬಂತು, ಅದರ ಕಣ್ಣುಗಳು ಫ್ಲೈಯಿಂಗ್ ಸಾಸರುಗಳು, ಮೂಗು ಐಸ್‌ಕ್ರೀಂ ಕೋನ್. 'ಫಡ್ಜಿ' ಅನ್ನೋ ತಿಮಿಂಗಿಲದ ಕೇಕೂ ಬಂತು. ಫಡ್ಜಿಯ ಅಚ್ಚನ್ನು ನೆಟ್ಟಗೆ ನಿಲ್ಲಿಸಿ, ಬಾಲವನ್ನು ಮೇಲೆ ಮಾಡಿ ಬೇರೆ ಬಣ್ಣ ಬಳಿದರೆ ಡಿಸೆಂಬರಿನಲ್ಲಿ ಅದೇ ಸಾಂಟಾ ಕ್ಲಾಸ್! ಕುಕಿ ಪುಸ್‌ಗೆ ಹಸಿರು ಬಳಿದರೆ ಐರಿಷ್ ಹಬ್ಬದ ಕೇಕ್. ಕೋಡ್ ರೀಯೂಸ್ ಬಗ್ಗೆ ಪಾಠ ಮಾಡುವವರು ಇದನ್ನು ಉದಾಹರಣೆಯಾಗಿ ಕೊಡಬಹುದು. ರೇಡಿಯೋ, ಟಿವಿ ಜಾಹೀರಾತಿಗೂ ಕಾರ್ವೆಲ್ ಬೇರೆಯವರನ್ನು ಕರೆಯಲಿಲ್ಲ, ತಮ್ಮ ಗೊಗ್ಗರು ದನಿಯಲ್ಲಿ ತಾವೇ ಮಾತಾಡಿದರು.

ಇಲ್ಲಿಯವರೆಗೆ ನಗುನಗುತ್ತಾ ಬಂದೆವು. ಈಗ ಅಂಗಡಿ ನಡೆಸುತ್ತಿದ್ದವರ ಕಡೆಯಿಂದ ನೋಡಿ. ಉಳಿತಾಯದ ದುಡ್ಡು ಹಾಕಿ ಕಾರ್ವೆಲ್ ಫ್ರಾಂಚೈಸಿ ತೆಗೆದುಕೊಂಡಿದ್ದೀರಿ. ಒಪ್ಪಂದದ ಪ್ರಕಾರ ಯಂತ್ರ, ಪೇಪರ್ ಸಾಮಾನು ಇಂಥವನ್ನು ನಿಗದಿತ ಗುಣಮಟ್ಟಕ್ಕೆ ಸರಿಹೊಂದಿದರೆ ಎಲ್ಲಿಂದಾದರೂ ತರಬಹುದು. ಆದರೆ ಗಿರಾಕಿಯ ಬಾಯಿಗೆ ಹೋಗುವ ಪದಾರ್ಥದ ಭಾಗವಾಗುವ ಯಾವುದನ್ನೇ ಆದರೂ ಕಾರ್ವೆಲ್‌ನಿಂದ, ಇಲ್ಲವೇ ಕಾರ್ವೆಲ್ ಒಪ್ಪಿದವರಿಂದ ಮಾತ್ರ ಕೊಳ್ಳಬೇಕು. ಐಸ್‌ಕ್ರೀಂ ಮಿಶ್ರಣ, ಕೋನು, ಮೇಲೆ ಉದುರಿಸುವ ಪುಡಿ ಇಂಥವೆಲ್ಲಾ ಈ ಸಾಲಿಗೆ ಬಂದವು. ಪಕ್ಕದ ಬೀದಿಯ ಡೈರಿಯಲ್ಲಿ ಕಡಿಮೆ ಬೆಲೆಗೆ ಸಿಕ್ಕರೂ ಹಾಗಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಅಪ್ಪಟ ವೆಂಡರ್ ಲಾಕ್-ಇನ್.

ಕೆಲವು ಫ್ರಾಂಚೈಸಿದಾರರು ಕೋರ್ಟಿಗೆ ಹೋದರು. ಒಂದು ವಸ್ತು ಬೇಕಾದರೆ ಇನ್ನೊಂದನ್ನೂ ನನ್ನ ಹತ್ತಿರವೇ ಕೊಳ್ಳಬೇಕು ಅಂತ ಕಟ್ಟಿಹಾಕೋದು ಸ್ಪರ್ಧಾ ಕಾನೂನಿಗೆ ವಿರುದ್ಧ ಅನ್ನೋದು ಅವರ ವಾದ. 1964ರಲ್ಲಿ ನ್ಯೂಯಾರ್ಕಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ ಬಹುಮತದಿಂದ ಕಾರ್ವೆಲ್ ಪರ ತೀರ್ಪು ಕೊಟ್ಟಿತು. ಪೀಠದ ಒಬ್ಬರು ನ್ಯಾಯಾಧೀಶರು ಇದಕ್ಕೆ ಒಪ್ಪಲಿಲ್ಲ. ಬಹುಮತದ ತರ್ಕ ಕುತೂಹಲಕಾರಿ: ಗಿರಾಕಿ ಬರೋದು ಬೋರ್ಡಿನ ಮೇಲಿನ ಹೆಸರು ನೋಡಿ. ಒಂದು ಅಂಗಡಿಯಲ್ಲಿ ರುಚಿ ಕೆಟ್ಟರೆ ಎಲ್ಲಾ ಅಂಗಡಿಗಳ ಹೆಸರೂ ಕೆಡುತ್ತೆ. ರುಚಿ, ನಯ ಅನ್ನೋದನ್ನು ಕಾಗದದ ಮೇಲೆ ಸ್ಪೆಸಿಫಿಕೇಶನ್ ಆಗಿ ಬರೆದು ಯಾರು ಬೇಕಾದರೂ ಮಾಡಿ ಅನ್ನೋದು ಕಷ್ಟ, ಹಾಗಾಗಿ ಇಂಥವರ ಹತ್ತಿರವೇ ಕೊಳ್ಳಿ ಅನ್ನೋದರಲ್ಲಿ ಅರ್ಥವಿದೆ. ಸುಪ್ರೀಂ ಕೋರ್ಟು ಕೇಸನ್ನು ಕೈಗೆತ್ತಿಕೊಂಡಿದ್ದರೂ 1965ರಲ್ಲಿ ತೀರ್ಪು ಕೊಡದೆ ಕೈಬಿಟ್ಟಿತು. ಅದೇ ವರ್ಷ ಫೆಡರಲ್ ಟ್ರೇಡ್ ಕಮಿಷನ್ ಕೂಡ ತನ್ನ ದೂರನ್ನು ವಜಾ ಮಾಡಿತು. ಇವತ್ತಿಗೂ ಅಮೆರಿಕದ ಫ್ರಾಂಚೈಸಿ ಕಾನೂನಿನ ಪಾಠಗಳಲ್ಲಿ ಈ ಕೇಸಿನ ಹೆಸರು ಬರುತ್ತೆ.

ನನಗೆ ಈ ತರ್ಕ ಅರ್ಧ ಒಪ್ಪಿಗೆ, ಅರ್ಧ ಇಲ್ಲ. ಸ್ಪೆಸಿಫಿಕೇಶನ್ ಬರೆಯೋದು ಕಷ್ಟ ಅನ್ನೋದನ್ನು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೆ ಅಂಗಡಿಯವನು ತಾನೇ ನಿಂತು ಕೇಕ್ ಕಟ್ಟುತ್ತಾನೆ, ಪದರ ಹಾಕುತ್ತಾನೆ, ಮಗುವಿನ ಹೆಸರು ಬರೆಯುತ್ತಾನೆ. ಪುಡಿಯ ವಿದ್ಯೆಗೆ ಪೇಟೆಂಟಿಲ್ಲ. ಕೋಕೋ ಡಚ್ಚರದ್ದು, ಬಿಸ್ಕತ್ತು ಲೂಸ್ ಅಣ್ಣತಮ್ಮಂದಿರದ್ದು, ಹೊದಿಕೆ ಅಯೋವಾದ ಮೇಷ್ಟ್ರದ್ದು. ಹಾಗಿದ್ದೂ ಆ ಪುಡಿ ಎಲ್ಲಿಂದ ತರಬೇಕು ಅನ್ನೋ ಮಾತು ಅವನ ಕೈಯಲ್ಲಿಲ್ಲ. ಹೋಗಲಿ, ಅದಕ್ಕೆ ಪ್ರತಿಯಾಗಿ ಅವನಿಗೆ ಒಂದು ಲಾಭ ಇತ್ತು: ಈ ಕೇಕ್ ಬೇಕಾದರೆ ಜನ ಅವನ ಅಂಗಡಿಗೇ ಬರಬೇಕಿತ್ತು. ಬೇರೆಲ್ಲೂ ಸಿಗುತ್ತಿರಲಿಲ್ಲ.

ಅಷ್ಟರಲ್ಲಿ ಬಿಸ್ಕತ್ತಿನ ಪುಡಿ ಬೇರೆ ದಾರಿಗಳಲ್ಲೂ ಐಸ್‌ಕ್ರೀಮಿಗೆ ಇಳಿಯುತ್ತಿತ್ತು. 1973ರಲ್ಲಿ ಬಾಸ್ಟನ್ ಪಕ್ಕದ ಸಾಮರ್ವಿಲ್‌ನಲ್ಲಿ ಸ್ಟೀವ್ ಹೆರೆಲ್ ಎಂಬುವರು ತಮ್ಮ ಅಂಗಡಿಯಲ್ಲಿ ಗಿರಾಕಿಯ ಕಣ್ಣೆದುರೇ ಮಿಠಾಯಿ, ಬಿಸ್ಕತ್ತಿನ ಚೂರುಗಳನ್ನು ಐಸ್‌ಕ್ರೀಮಿಗೆ ಕಲಸಿ ಕೊಡಲು ಶುರು ಮಾಡಿದರು. 1979ರಲ್ಲಿ ಸೌತ್ ಡಕೋಟ ಸ್ಟೇಟ್ ಯೂನಿವರ್ಸಿಟಿಯ ಡೈರಿಯಲ್ಲಿ ಶರ್ಲಿ ಸೀಸ್ ಎಂಬ ಮೇಲ್ವಿಚಾರಕರು ವಿದ್ಯಾರ್ಥಿಗಳ ಜೊತೆ ಓರಿಯೋ ಒಡೆದು ಐಸ್‌ಕ್ರೀಮಿಗೆ ಸೇರಿಸಿದರು. 'ಕುಕೀಸ್ ಅಂಡ್ ಕ್ರೀಂ' ಹುಟ್ಟಿದ್ದು ಇಲ್ಲೇ ಅಂತ ಆ ಯೂನಿವರ್ಸಿಟಿಯವರು ಹೇಳಿಕೊಳ್ಳುತ್ತಾರೆ, ನಮ್ಮದೇ ಮೊದಲು ಅನ್ನುವ ಕಂಪನಿಗಳೂ ಇವೆ. 1985ರಲ್ಲಿ ಡೈರಿ ಕ್ವೀನ್ ಸರಪಳಿಯವರು ಇಂಥ ಚೂರುಗಳನ್ನು ಮೆತ್ತನೆ ಐಸ್‌ಕ್ರೀಮಿಗೆ ಹಾಕಿ ತಿರುವಿ 'ಬ್ಲಿಝರ್ಡ್' ಅಂತ ತಂದರು, ಮೊದಲ ವರ್ಷವೇ 10 ಕೋಟಿಗೂ ಹೆಚ್ಚು ಲೋಟ ಖರ್ಚಾಯಿತು. ಆದರೆ ಒಂದು ವ್ಯತ್ಯಾಸ ನೋಡಿ. ಬ್ಲಿಝರ್ಡನ್ನು ಕಲಸಿದ ಕೂಡಲೇ ತಿನ್ನುತ್ತಾರೆ, ಮೆತ್ತಗಾಗಲು ಪುರಸೊತ್ತೇ ಇಲ್ಲ. ಡಬ್ಬದ ಕುಕೀಸ್ ಅಂಡ್ ಕ್ರೀಮಿನಲ್ಲಿ ಚೂರುಗಳು ಮೆತ್ತಗಾಗಿಯೇ ಇರುತ್ತವೆ, ಅದೇ ಅದರ ರುಚಿ ಅಂತ ಎಲ್ಲರೂ ಒಪ್ಪಿಕೊಂಡಿದ್ದಾರೆ. ವಾರಗಟ್ಟಲೆ ಇಟ್ಟೂ ಗರಿಗರಿ ಬೇಕು ಅಂದವರಿಗೆ ಮಾತ್ರ ಹೊದಿಕೆ ಬೇಕು.

ಮತ್ತೆ ನಮ್ಮ ಕಥೆಗೆ ಬರೋಣ. 1989ರಲ್ಲಿ, ವಯಸ್ಸು ಎಂಬತ್ತು ದಾಟಿದ ಮೇಲೆ, ಟಾಮ್ ಕಾರ್ವೆಲ್ ಕಂಪನಿಯನ್ನು ಇನ್ವೆಸ್ಟ್‌ಕಾರ್ಪ್ ಎಂಬ ಹೂಡಿಕೆ ಸಂಸ್ಥೆಗೆ 8 ಕೋಟಿ ಡಾಲರಿಗೂ ಹೆಚ್ಚಿನ ಬೆಲೆಗೆ ಮಾರಿದರು. ಮರುವರ್ಷ, 1990ರಲ್ಲಿ, ತೀರಿಕೊಂಡರು. ಹೊಸ ಒಡೆಯರಿಗೆ ಲೆಕ್ಕ ಸರಳ: ಜನ ಐಸ್‌ಕ್ರೀಂ ಕೊಳ್ಳಲು ಈಗ ರಸ್ತೆ ಬದಿಯ ಅಂಗಡಿಗಿಂತ ಸೂಪರ್ ಮಾರ್ಕೆಟ್ಟಿಗೆ ಹೋಗುತ್ತಾರೆ, ಕೇಕೂ ಅಲ್ಲೇ ಸಿಗಲಿ. 1990ರ ದಶಕದಲ್ಲಿ ಕಾರ್ವೆಲ್ ಕೇಕು, ಒಳಗಿನ ಕರಿಪುಡಿ ಸಮೇತ, ಸೂಪರ್ ಮಾರ್ಕೆಟ್ಟಿನ ಫ್ರೀಜರಿನಲ್ಲಿ ಬಂದು ಕೂತಿತು. ಎಷ್ಟೋ ಕಡೆ ಫ್ರಾಂಚೈಸಿ ಅಂಗಡಿಯ ಹತ್ತಿರದಲ್ಲೇ.

ಪದಾರ್ಥವನ್ನು ನಿಮ್ಮ ಹತ್ತಿರವೇ ಕೊಳ್ಳಬೇಕು ಅಂತ ನಮ್ಮನ್ನು ಕಟ್ಟಿಹಾಕಿದಿರಿ, ಈಗ ಅದನ್ನೇ ನಮ್ಮ ಎದುರು ಮಾರುತ್ತೀರಾ ಅಂತ ಅಂಗಡಿಯವರು ಮತ್ತೆ ಕೋರ್ಟು ಹತ್ತಿದರು. ಕೆಳಗಿನ ಕೋರ್ಟಿನಲ್ಲಿ ಕೆಲವರು ಜ್ಯೂರಿಯ ಎದುರು ಗೆದ್ದರೂ ಗೆದ್ದರು. ಆದರೆ 2004ರಲ್ಲಿ ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯ, ಗಿರಾಕಿಗಳನ್ನು ಸೆಳೆಯಲು ಕಂಪನಿ ಮಾಡಿದ್ದು ವ್ಯಾಪಾರದ ಪೈಪೋಟಿಯೇ ಹೊರತು ಕಾನೂನು ತಡೆಯುವಂಥ ಅಡ್ಡದಾರಿಯಲ್ಲ, ಒಪ್ಪಂದದಲ್ಲಿ ಏನಿದೆಯೋ ಅದನ್ನು ಒಪ್ಪಂದದ ಕಾನೂನಿನಲ್ಲೇ ನೋಡಿಕೊಳ್ಳಬೇಕು ಅಂತ ಹೇಳಿತು. ನಾಲ್ಕು ದಶಕದ ಅಂತರದಲ್ಲಿ ಬಂದ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಹೊಟ್ಟೆಯಲ್ಲಿ ಏನೋ ಕಸಿವಿಸಿ. ಮೊದಲನೆಯದರಲ್ಲಿ ಪದಾರ್ಥದ ಶುದ್ಧತೆಗಾಗಿ ಅಂಗಡಿಯವನ ಕೈ ಕಟ್ಟಿದ್ದು ಸರಿ ಅಂತಾಯಿತು, ಎರಡನೆಯದರಲ್ಲಿ ಕಂಪನಿಯ ಕೈ ಕಟ್ಟೋದು ಬೇಡ ಅಂತಾಯಿತು. ಕಾನೂನಿನ ದೃಷ್ಟಿಯಿಂದ ಎರಡೂ ಬೇರೆ ಬೇರೆ ಪ್ರಶ್ನೆಗಳೇ. ಗಲ್ಲಾಪೆಟ್ಟಿಗೆಯ ಹಿಂದೆ ಕೂತವನಿಗೆ ಮಾತ್ರ ಎರಡೂ ಒಂದೇ.

2008ರಲ್ಲಿ ಟೈರು ಒಡೆದ ಜಾಗದ ಹಾರ್ಟ್ಸ್‌ಡೇಲ್ ಅಂಗಡಿಯೂ ಮುಚ್ಚಿತು. ನಬಿಸ್ಕೋದ ಫೇಮಸ್ ಚಾಕೊಲೇಟ್ ವೇಫರ್ಸ್ ತಯಾರಿಕೆ, ನೂರು ವರ್ಷಕ್ಕೆ ಒಂದೇ ವರ್ಷ ಬಾಕಿ ಇರುವಾಗ, 2023ರಲ್ಲಿ ನಿಂತಿತು. ಐಸ್‌ಬಾಕ್ಸ್ ಕೇಕ್ ಮಾಡುತ್ತಿದ್ದವರೆಲ್ಲಾ ಬಿಸ್ಕತ್ತನ್ನೂ ಮನೆಯಲ್ಲೇ ಮಾಡುವ ವಿಧಾನ ಹುಡುಕತೊಡಗಿದರು. ಕಂಪನಿ ಕೈಬಿಟ್ಟದ್ದನ್ನು ಅಡುಗೆಮನೆಗಳು ಎತ್ತಿಕೊಂಡವು. ನನ್ನ ಮಟ್ಟಿಗೆ ಈ ಇತಿಹಾಸದ ಸಾರ ಇದೇ: ಹೆಸರಿಗೆ ಒಡೆಯರಿದ್ದಾರೆ, ಅಂಗಡಿಗೆ ಒಪ್ಪಂದವಿದೆ, ಪುಡಿ ಮಾತ್ರ ಯಾರದ್ದೂ ಅಲ್ಲ.

ಯಾರದ್ದೂ ಅಲ್ಲ ಅಂದ ಮೇಲೆ ನಿಮ್ಮದೂ ಹೌದು. ಮಾಡಿ ನೋಡಿ. ಗರಿಗರಿಯಾದ ಕಪ್ಪು ಚಾಕೊಲೇಟ್ ಬಿಸ್ಕತ್ತು 200 ಗ್ರಾಂ (ಓರಿಯೋ ಥರದ್ದಾದರೆ ಕ್ರೀಂ ಕೆರೆದು ತೆಗೆದ ಮೇಲಿನ ತೂಕ). ಬಿಸ್ಕತ್ತನ್ನು ದಪ್ಪ ಪ್ಲಾಸ್ಟಿಕ್ ಕವರಿಗೆ ಹಾಕಿ ಲಟ್ಟಣಿಗೆಯಿಂದ ಕುಟ್ಟಿ. ಮಿಕ್ಸಿ ಬೇಡ, ನುಣ್ಣಗಾಗಿಬಿಡುತ್ತೆ. ಕಡಲೆಬೇಳೆ ಗಾತ್ರದ ಚೂರುಗಳೂ, ಒಂದಷ್ಟು ತರಿಯೂ ಇರಬೇಕು. ಮೆತ್ತಗಿದೆ ಅನ್ನಿಸಿದರೆ ಓವನ್ನಿನಲ್ಲಿ 150 ಡಿಗ್ರಿಯಲ್ಲಿ ಏಳೆಂಟು ನಿಮಿಷ ಬಿಸಿ ಮಾಡಿ ಪೂರ್ತಿ ಆರಿಸಿ. 70 ಗ್ರಾಂ ಡಾರ್ಕ್ ಚಾಕೊಲೇಟ್, 20 ಗ್ರಾಂ ಕೊಬ್ಬರಿ ಎಣ್ಣೆ, ಚಿಟಿಕೆ ಉಪ್ಪು ಒಂದು ಪಾತ್ರೆಗೆ ಹಾಕಿ ಬಿಸಿನೀರಿನ ಮೇಲಿಟ್ಟು ಕರಗಿಸಿ. ಒಂದು ಹನಿ ನೀರೂ ಒಳಗೆ ಬೀಳಬಾರದು, ಬಿದ್ದರೆ ಚಾಕೊಲೇಟ್ ಗಂಟುಕಟ್ಟುತ್ತೆ. ಸ್ವಲ್ಪ ಆರಿದ ಮೇಲೆ ಪುಡಿಗೆ ಸುರಿದು, ಪ್ರತಿ ಚೂರಿಗೂ ಹತ್ತುವ ಹಾಗೆ ಕಲಸಿ, ತಟ್ಟೆಯಲ್ಲಿ ತೆಳ್ಳಗೆ ಹರಡಿ ಫ್ರೀಜರಿನಲ್ಲಿಡಿ. ಅರ್ಧ ಗಂಟೆಯ ನಂತರ ಕೈಯಲ್ಲಿ ಬಿಡಿಸಿ ಡಬ್ಬಕ್ಕೆ ತುಂಬಿ ಫ್ರೀಜರಿನಲ್ಲೇ ಇಟ್ಟುಕೊಳ್ಳಿ. ಐಸ್‌ಕ್ರೀಂ, ಪುಡ್ಡಿಂಗ್, ಕಸ್ಟರ್ಡ್ ಯಾವುದರ ಮೇಲಾದರೂ ಉದುರಿಸಬಹುದು.

ಕೊಬ್ಬರಿ ಎಣ್ಣೆ ಯಾಕೆ ಅಂತೀರಾ? ಚಳಿಗಾಲದ ಬೆಳಿಗ್ಗೆ ತಲೆಗೆ ಹಚ್ಚಲು ಬಾಟಲಿ ಬಗ್ಗಿಸಿದರೆ ಎಣ್ಣೆ ಕೆಳಗಿಳಿಯದೆ ಬಿಸಿಲಿಗಿಟ್ಟ ನೆನಪಿದೆಯಲ್ಲ? ಅದು ಸುಮಾರು 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತೆ. ಐಸ್‌ಕ್ರೀಮಿನ ತಣ್ಣಗೆ ಕಲ್ಲಾಗಿ ನೀರನ್ನು ತಡೆಯುತ್ತೆ, ನಾಲಿಗೆಯ ಬಿಸಿಗೆ ತಟ್ಟನೆ ಕರಗುತ್ತೆ. ಕೋಕೋ ಬೆಣ್ಣೆ ಕರಗೋದು 34 ಡಿಗ್ರಿಯ ಆಸುಪಾಸಿನಲ್ಲಿ, ತಣ್ಣಗಾದ ಬಾಯಲ್ಲಿ ಅದೊಂದೇ ಇದ್ದರೆ ಮೇಣ ಅಗಿದ ಹಾಗಾಗುತ್ತೆ. ಎಣ್ಣೆ ಅಡುಗೆಯದ್ದೇ ಇರಲಿ, ಅದೂ ವಾಸನೆ ಕಡಿಮೆ ಇರುವಂಥದ್ದು. ಬಾತ್‌ರೂಮಿನ ನೀಲಿ ಬಾಟಲಿ ಬೇಡ :-)

ನಿಮ್ಮ ಮನೆಯಲ್ಲಿ ಗರಿಗರಿ ಉಳಿಸಲು ಬೇರೆ ಏನಾದರೂ ಉಪಾಯ ಇದ್ದರೆ ತಿಳಿಸಿ. ಯಾವುದಕ್ಕೂ ಪೇಟೆಂಟ್ ಕೇಳಬೇಡಿ, ಅಷ್ಟೇ.